ರಫೂ

ಅಕ್ಕಲಕೋಟದಾಗ ಎಸ್ಟಿ ಸ್ಟ್ಯಾಂಡಿನ ಹಿಂದ
ಮೂರು ಮೊಳ ಅಗಲದ ಅಂಗಡಿ ನಂದು.
ಪಾಟಿ ಮರಾಠಿ, ಬಾಯಾಗಿಂದು ಕನ್ನಡ.
ಇಲಿ ಕಡದದ್ದು, ಇಸ್ತ್ರಿ ಸುಟ್ಟದ್ದು,
ಮದಿವಿ ಕೋಟಿಗಿ ಬೀಡಿ ಕಿಡಿ ಹಾರಿದ್ದು,
ಊರಿನ ತೂತೆಲ್ಲಾ ನನ್ನ ತೊಡಿ ಮ್ಯಾಲ ಬಂದು ಬೀಳ್ತಾವ.
ನಲವತ್ತು ವರ್ಷ ನೂಲು ಕಡದೀನಿ
ಇದಽ ಮುಂದಿನ ಎರಡು ಹಲ್ಲಿನಿಂದ.

ಹೋದ ವರ್ಷ ಅಲಾಯಿ ಹಬ್ಬದ ಮುಂದ
ನೂಲು ಹರೀಲಿಲ್ಲ, ಹಲ್ಲಽ ಅಳ್ಳಾಡಿತು,
ಸಡ್ಲಾದ ಗುಂಡಿ ಹಂಗ.
ನೋವಿಲ್ಲ. ಬಾಯಾಗ ಒಂದೀಟು ತುಕ್ಕಿನ ರುಚಿ.
ನೋವಿದ್ದಿದ್ರ ಮೊದಲಽ ಹೋಗ್ತಿದ್ದೆ.

ಬಿರಾಜದಾರ ಡಾಕ್ಟರಬಾಯಿ, ತೇಜಸ್ವಿನಿ,
(ಅವರವ್ವನ ಶಾಲಿಗಿ ನಾನಽ ರಫೂ ಮಾಡಿದ್ದೆ)
ಫೋಟೋ ದೀಪದ ಮುಂದ ಹಿಡದು
"ಹುಸೇನವ್ವ, ಹಲ್ಲು ಗಟ್ಟಿ ಅದ,
ಹಲ್ಲು ಹಿಡದ ಎಲುಬು ಸವದದ" ಅಂದ್ಳು.
ಬೆಳಕಿಗಿ ಹಿಡದು ನೋಡೂದು ನನಗೇನು ಹೊಸಾದಲ್ಲ.
ಬೇರಿನ ಮಗ್ಗಲಕ ಒಂದು ಕರೀ ತೂತು.
ಮೂರು ಕಡಿ ಗ್ವಾಡಿ ಇನ್ನಾ ನಿಂತದ,
ಅದಕಽ ಆಸೆ ಅದ, ಅಂದ್ಳು.

"ಯಾರ ನೂಲು ಹಾಕ್ತಿ?" ಕೇಳ್ದೆ.
ಪರ ನೂಲು ತಂದ್ರ, ಬಣ್ಣ ಎಷ್ಟಽ ಕೂಡ್ಲಿ,
ಒಂದು ಒಗತಕ್ಕ ಗುರುತು ಬೀಳ್ತದ.
ನಾನು ಅಂಚು ಬಿಚ್ಚಿ,
ಒಳಗ ಮಡಚಿಟ್ಟ ಜಾಗಾದಿಂದ
ಆ ಅರಿವೀದಽ ನಾಕು ಎಳಿ ಜಗ್ಗತೀನಿ.
"ನಾನೂ ಹಂಗಽ" ಅಂತ ನಕ್ಕು
ತೋಳಿಗಿ ರಬ್ಬರು ಬಿಗದ್ಳು.

ನಾಕು ನಳಗಿ ರಕ್ತ. ಯಾವ ಔಷಧನೂ ಬೆರಸಲಿಲ್ಲ.
ಲಗೂ ಲಗೂ ಮಷೀನಿಗಿ ಹಾಕಿದ್ಳು,
ತಡ ಆದ್ರ ತನ್ನಷ್ಟಕ್ಕ ಹೆಪ್ಪುಗಟ್ಟತದಂತ.
ಏಳನೇ ಮಿನಿಟಿಗಿ ಲೈಟು ಹೋದ್ವು.
ಇನ್ವರ್ಟರು ಒಮ್ಮಿ ಕೆಮ್ಮಿ ಎತ್ತಿಕೊಂಡಿತು.
ನಮ್ಮಪ್ಪ ಹತ್ತಿ ಹಿಂಜೂ ಬಿಲ್ಲಿನ ಸಪ್ಪಳ ನೆನಪಾತು:
ಹಗುರದ್ದು ಹಾರತದ, ಭಾರದ್ದು ತಳಕ ಕೂಡತದ.

ತಗದು ತೋರಿಸಿದ್ಳು.
ಕೆಳಗ ಕೆಂಪು, ಮ್ಯಾಲ ಗಂಜಿ ತಿಳಿ,
ನಡುವ ಗಿಣ್ಣದಂಥಾದ್ದು.
ಚಿಮಟಿಗಿಲೆ ಎತ್ತಿದ್ರ ಜೋತಾಡಿತು, ಹರೀಲಿಲ್ಲ.
ಒತ್ತಿದ್ರ ಮಲಮಲ್ ಆತು.
"ಕಣ್ಣಿಗಿ ಕಾಣದ ನೂಲಿನ ಜಾಳಿಗಿ ಇದು.
ಡೆಂಗಿ ಬಂದಾಗ ಕಡಿಮಿ ಆಗ್ತಾವಲ್ಲ, ಪ್ಲೇಟ್‌ಲೆಟ್,
ಅವು ಇದರಾಗ ಸಿಕ್ಕೊಂಡಾವ.
ಗಾಯದಾಗ ಕುಂತು, ಬರ್ರಿ ಬರ್ರಿ ಅಂತ
ಎಲುಬು ಕಟ್ಟೂ ಮಂದೀನ ಕರೀತಾವ."

ಒಸಡು ಬಿಡಿಸೂ ಸಪ್ಪಳ ಕೇಳಿಸಿತು.
ಮೊದಲು ಕೆರದು ಸ್ವಚ್ಛ ಮಾಡಿದ್ಳು.
ನಾನೂ ಸುಟ್ಟ ಎಳಿ ಕತ್ತರಿಸದಽ ಸೂಜಿ ಹಾಕಂಗಿಲ್ಲ.
ನಂದಽ ನನ್ನ ತೂತಿನ್ಯಾಗ ತುಂಬಿ ಹೊಲದ್ಳು.
ಟಾಕಿ ಸಾಲು ಆಮ್ಯಾಲ ನಾಲಿಗಿಗಿ ಸಿಕ್ಕಿತು,
ಒಂದು ಸ್ವಲ್ಪ ಓರಿ. ಹೇಳಲಿಲ್ಲ.

ಹತ್ತು ದಿನಕ್ಕ ಟಾಕಿ ಬಿಚ್ಚಿಸಲಾಕ ಹೋದಾಗ ಕೇಳ್ದೆ:
ಎಳಿ ತಗದ್ರ ಅಂಚು ಗಿಡ್ಡಾಗತದ,
ನನ್ನ ತೋಳಿನ್ಯಾಗ ಎಲ್ಲಿ ಗಿಡ್ಡಾತು?
"ಎಲ್ಲೂ ಇಲ್ಲ. ಆಗಲೇ ತುಂಬಿಕೊಂಡಿರತದ."
ಇಂಥಾ ಅರಿವಿ
ಈ ನಲವತ್ತು ವರ್ಷದಾಗ ಒಬ್ಬರೂ ತಂದಿಲ್ಲ.

ಒಂಬತ್ತು ತಿಂಗಳು ಕಟಕ ರೊಟ್ಟಿ ಹಾಲಿನ್ಯಾಗ ನೆನಸಿ ತಿಂದೆ.
ಮೊನ್ನಿ ಮತ್ತ ಫೋಟೋ.
ತೂತಿನ ತಳದಿಂದ ಮಬ್ಬು ಬಿಳುಪು
ಅರ್ಧಕ್ಕ ಏರಿ ನಿಂತದ.
"ಪೂರಾ ಬರೂದಿಲ್ಲ ಅಂತ ಹೇಳಿದ್ದೆನಲ್ಲ?"
ಹೇಳಿದ್ಳು ಖರೆ. ರಫೂ ಕಾಣೂದಽ ಇಲ್ಲ ಅನ್ನಾಂವ ಸುಳ್ಳುಗಾರ.
ಗಿರಾಕಿಗಿ ಕಾಣಂಗಿಲ್ಲ, ಅಷ್ಟಽ.

ಹಲ್ಲು ನಿಂತದ.
ಮೂವತ್ತು ರೂಪಾಯಿ ಕೊಟ್ಟು ಕತ್ತರಿ ತಂದೀನಿ,
ಆಕಿ ಆಣಿ, ಕೊರಳಿಗಿ ಕಟ್ಟಿಕೊಂಡೀನಿ.
ಆದ್ರೂ ಕಡೀ ಟಾಕಿ ಮುಗಿಯೂದಽ ತಡ
ಕೈ ನೂಲನ್ನ ತುಟಿತನಕ ತರತದ,
ಅಲ್ಲೇ ಒಂದು ಗಳಿಗಿ ನಿಲ್ಲತದ.